ಗೋಡೆಯಾಚೆಯ ಓಟ

ಏಪ್ರಿಲ್ ತಿಂಗಳ ಸುಡು ಬಿಸಿಲಿನಲ್ಲಿ ಉಣ್ಣೆಯ ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿಕೊಂಡು ಆಟೋ ಇಳಿಯುವ ಹೆಂಗಸನ್ನು ಕಂಡರೆ ತುಮಕೂರಿನ ಜನ ಸುಮ್ಮನಿರುತ್ತಾರೆಯೇ? "ಏನ್ ಮೇಡಂ, ಊಟಿಗೆ ಹೊರಟ್ರಾ?" ಎಂದು ಆಸ್ಪತ್ರೆಯ ಎದುರಿನ ಹಣ್ಣಿನಂಗಡಿಯವನು ಕೇಳಿಯೇಬಿಟ್ಟ. ದಾಕ್ಷಾಯಿಣಿ ಅವನನ್ನು ಒಮ್ಮೆ ನೋಡಿದಳು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತಳಾದವಳ ನೋಟ ಅದು. ಅವನು ತೆಪ್ಪಗೆ ಸಪೋಟ ಜೋಡಿಸತೊಡಗಿದ.

ನೋಟವೇನೋ ಉಳಿದಿತ್ತು, ಮೈಯ ಬಿಸಿ ಉಳಿದಿರಲಿಲ್ಲ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅವಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ರಕ್ತ ಕೊಳವೆಯಲ್ಲಿ ಹೊರಗೆ ಬಂದು, ಯಂತ್ರದಲ್ಲಿ ತೊಳೆಸಿಕೊಂಡು, ಮತ್ತೆ ಮೈಯೊಳಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಮೈಯೊಳಗೆ ಕಾವು ಕೂಡಿಕೊಳ್ಳುತ್ತದೆ. ಹೆಚ್ಚಿನ ನೀರನ್ನು ಯಂತ್ರ ಹೀರಿಕೊಳ್ಳುತ್ತಿದ್ದ ಹಾಗೆ ಚರ್ಮದ ರಕ್ತನಾಳಗಳು ಮುದುಡಿ, ಒಳಗಿನ ಕಾವಿಗೆ ಹೊರದಾರಿ ಇಲ್ಲದಂತಾಗುತ್ತದೆ. ಕೊನೆಗೆ ತಡೆಯಲಾರದೆ ನಾಳಗಳೆಲ್ಲ ಒಮ್ಮೆಗೇ ಸಡಿಲಾದರೆ ಬಿ.ಪಿ. ಧಡಕ್ಕನೆ ಇಳಿದು ಮನುಷ್ಯ ಕೂತಲ್ಲೇ ಕಣ್ಣು ಕತ್ತಲೆಗಟ್ಟಿ ಒರಗುತ್ತಾನೆ. ಅದಕ್ಕೇ ರಕ್ತ ತೊಳೆಯುವ ದ್ರಾವಣವನ್ನು ತುಸು ತಣ್ಣಗೆ ಇಡುತ್ತಾರೆ. ಬಿ.ಪಿ. ನಿಲ್ಲುತ್ತದೆ, ಹಲ್ಲು ಮಾತ್ರ ಕಟಕಟ ಎನ್ನುತ್ತದೆ.

ಆ ಚಳಿ ಆಸ್ಪತ್ರೆಯಲ್ಲೇ ಉಳಿಯುವಂಥದ್ದಲ್ಲ. ಆಟೋ ಹತ್ತಿ ಮನೆಗೂ ಬರುತ್ತಿತ್ತು, ಹಾಸಿಗೆಗೂ ಬರುತ್ತಿತ್ತು. ಗಂಡ ಪಂಚಾಕ್ಷರಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಫ್ಯಾನಿಲ್ಲದೆ ನಿದ್ದೆ ಬಾರದ ಪ್ರಾಣಿ. ಅವಳಿಗೋ ಫ್ಯಾನಿನ ಸದ್ದು ಕೇಳಿದರೇ ಮೈ ಜುಮ್ಮೆನ್ನುತ್ತಿತ್ತು. ಒಂದಷ್ಟು ದಿನ ಅವನು ಬನಿಯನ್ ತೋಯಿಸಿಕೊಂಡು ಹೊರಳಾಡಿದ. ಆಮೇಲೆ ಅವಳೇ ಗದರಿ ಅವನನ್ನು ಹಾಲ್‌ಗೆ ಅಟ್ಟಿದಳು. ಮದುವೆಯಾದಾಗಿನಿಂದ ಒಂದೇ ಮಂಚದಲ್ಲಿ ಮಲಗಿದವರ ನಡುವೆ ಈಗ ಒಂದು ಬಾಗಿಲು ಬಂತು.

ಅವಳು ಹಂಬಲಿಸುತ್ತಿದ್ದುದು ಬೆವರಿಗಾಗಿ. ಬೇರೆಯವರು ನೀರಿಗೆ ಹಂಬಲಿಸುತ್ತಾರೆ, ಡಯಾಲಿಸಿಸ್‌ನವರಿಗೆ ಕುಡಿಯಲು ಲೋಟ ಅಳೆದು ಕೊಡುತ್ತಾರಲ್ಲ, ಅದಕ್ಕೆ. ಇವಳಿಗೆ ಸಂಜೆಯ ಮೈದಾನ ಬೇಕಿತ್ತು. ಓಡಿ ಓಡಿ ಮೇಲ್ದುಟಿಯ ಮೇಲೆ ಕೂತ ಉಪ್ಪು ಬೇಕಿತ್ತು. ಆ ಉಪ್ಪಿನ ಜೊತೆಗೆ ನೆನಪಾಗುತ್ತಿದ್ದವಳು ರಂಗಿ.

ರಂಗನಾಯಕಿ ಪಾವಗಡದ ಕಡೆಯವಳು, ಕಾಲೇಜು ಹಾಸ್ಟೆಲಿನಲ್ಲಿ ಇವಳ ಜೊತೆಗಾತಿ. ಇಬ್ಬರೂ ಖೋ-ಖೋ ಟೀಮಿನಲ್ಲಿದ್ದರು. ಪ್ರಾಕ್ಟೀಸಿನಲ್ಲಿ ದಾಕ್ಷಾಯಿಣಿಯದು ಅಟ್ಟಿಸಿಕೊಂಡು ಹೋಗುವ ಕೆಲಸ, ರಂಗಿಯದು ತಪ್ಪಿಸಿಕೊಳ್ಳುವ ಕೆಲಸ. ಸಾಲಾಗಿ ಕೂತ ಹುಡುಗಿಯರ ನಡುವೆ ರಂಗಿ ಓಡುವ ಚಂದವೇ ಬೇರೆ. ಕೂತವರ ಮೂರು ಮನೆ ದಾಟುವುದು ನಿಧಾನಕ್ಕೆ, ಹೂ ಬಿಡಿಸಲು ಹೊರಟವಳ ಹಾಗೆ. ನಾಲ್ಕನೆಯದಕ್ಕೆ ಚಂಗನೆ ನೆಗೆತ. ಆಮೇಲೆ ಒಂದು ಗಳಿಗೆ ಸುಮ್ಮನೆ ನಿಂತು, ತಿರುಗಿ ನೋಡಿ, ಹಲ್ಲು ಬಿಡುವುದು. ಆ ನಿಂತ ಗಳಿಗೆಯಲ್ಲಿ ಸಿಕ್ಕೇಬಿಟ್ಟಳು ಎಂದು ದಾಕ್ಷಾಯಿಣಿ ಕೈ ಚಾಚಿದರೆ ಅವಳು ಅಲ್ಲಿ ಇರುತ್ತಿರಲಿಲ್ಲ. ವರ್ಷಗಟ್ಟಲೆ ಅಟ್ಟಿಸಿಕೊಂಡು ಹೋದರೂ ಒಂದು ದಿನವೂ ಅವಳನ್ನು ಮುಟ್ಟಲಾಗಲಿಲ್ಲ.

"ಕೊನೆಗೂ ಮುಟ್ಲಿಲ್ವಲ್ಲೇ ನೀನು ನನ್ನ," ಎಂದು ರಂಗಿ ಬಸ್ಸಿನ ಕಿಟಕಿಯಿಂದ ಹೇಳಿ ಹೋದದ್ದು. ಅವಳಿಗೆ ಬಳ್ಳಾರಿಯಲ್ಲಿ ಪೊಲೀಸ್ ಕೆಲಸ ಸಿಕ್ಕಿತು, ಇವಳಿಗೆ ಮದುವೆ ಆಯಿತು. ಮೊದಮೊದಲು ಫೋನು, ಆಮೇಲೆ ಹಬ್ಬಕ್ಕೊಂದು ಮೆಸೇಜು, ಆಮೇಲೆ ನಂಬರೇ ಬದಲಾಯಿತು. ಮುಂದಿನ ರಜೆಗೆ ಹೋದರಾಯಿತು, ಮುಂದಿನ ರಜೆಗೆ ಹೋದರಾಯಿತು ಎನ್ನುವುದರಲ್ಲೇ ರಜೆಗಳೆಲ್ಲ ಮುಗಿದುಹೋದವು.

ಆ ಮಳೆಗಾಲದಲ್ಲಿ ಆಸ್ಪತ್ರೆಗೆ ಜೋಡಿ ಯಂತ್ರ ಬಂತು.

ಅದರ ಹಿಂದಿನ ಯೋಚನೆ ಸರಳ. ಡಯಾಲಿಸಿಸ್ ನಡೆಯುವಾಗ ಕೂತಲ್ಲೇ ಪೆಡಲ್ ತುಳಿದರೆ ಸ್ನಾಯುಗಳ ಮೂಲೆಯಲ್ಲಿ ಅಡಗಿದ ಕಸವೆಲ್ಲ ರಕ್ತಕ್ಕೆ ಬಂದು ಚೆನ್ನಾಗಿ ತೊಳೆದುಹೋಗುತ್ತದೆ. ಆದರೆ ತುಳಿದರೆ ಮೈ ಕಾಯುತ್ತದೆ, ಮೈ ಕಾದರೆ ಬಿ.ಪಿ. ಬೀಳುತ್ತದೆ. ಹಾಗಾದರೆ ತುಳಿಯುವವರ ಹೆಚ್ಚಿನ ಕಾವನ್ನು ತೆಗೆದು, ನಡುಗುತ್ತಾ ಕೂತ ಇನ್ನೊಬ್ಬರಿಗೆ ಯಾಕೆ ಕೊಡಬಾರದು? ಒಂದು ಗೋಡೆ. ಗೋಡೆಗೆ ಬೆನ್ನು ಮಾಡಿ ಈ ಕಡೆ ಒಂದು ಕುರ್ಚಿ, ಆ ಕಡೆ ಒಂದು ಕುರ್ಚಿ. ಗೋಡೆಯೊಳಗೆ ತೆಳ್ಳನೆಯ ಲೋಹದ ತಗಡು, ಅದರ ಎರಡು ಬದಿಗೂ ಎರಡು ಯಂತ್ರಗಳ ದ್ರಾವಣ ಹರಿಯುತ್ತದೆ. ಮೊದಲರ್ಧ ಒಬ್ಬರು ತುಳಿಯಬೇಕು, ಇನ್ನೊಬ್ಬರು ಬೆಚ್ಚಗೆ ಕೂರಬೇಕು. ಉಳಿದರ್ಧ ಅದಲುಬದಲು. ಕಾವು ಎಷ್ಟು ದಾಟಬೇಕು ಎಂಬುದನ್ನು ಇಬ್ಬರ ರಕ್ತದ ಶಾಖವನ್ನೂ ನೋಡುತ್ತಾ ಯಂತ್ರವೇ ತೀರ್ಮಾನಿಸುತ್ತದೆ.

"ರಕ್ತ ರಕ್ತಕ್ಕೆ ಸೋಕಲ್ಲ, ದ್ರಾವಣ ದ್ರಾವಣಕ್ಕೆ ಸೋಕಲ್ಲ. ಶಾಖ ಮಾತ್ರ ಗೋಡೆ ದಾಟುತ್ತೆ," ಎಂದು ಡಾಕ್ಟರ್ ನಿರುಪಮಾ ಎಲ್ಲರನ್ನೂ ಕೂರಿಸಿಕೊಂಡು ಚಿತ್ರ ಬರೆದು ವಿವರಿಸಿದರು. ಜನ ತಲೆದೂಗಿದರು. ಒಬ್ಬ ಹಿರಿಯರು ಕೈ ಎತ್ತಿ, "ಅದೆಲ್ಲ ಸರಿ ಡಾಕ್ಟ್ರೇ, ಆ ಕಡೆ ಕೂರೋರು ಯಾವ ಪೈಕಿ?" ಎಂದರು. ಇನ್ನೊಬ್ಬ ಹೆಂಗಸು ಪರಗಂಡಸರ ಶಾಖ ತನಗೆ ಬೇಡವೇ ಬೇಡ ಎಂದಳು. ಓರಗಿತ್ತಿಯರಿಬ್ಬರು, ಒಬ್ಬಳ ಬಿಸಿ ಒಬ್ಬಳಿಗೆ ಹೋಗಕೂಡದು ಎಂದು ಬರೆದುಕೊಡಿ ಎಂದು ಕೂತರು. ಸಾಯುವ ರೋಗ ಬಂದರೂ ನಮ್ಮ ಜನ ಇಷ್ಟು ಚುರುಕಾಗಿರುತ್ತಾರಲ್ಲ ಎಂದು ಸಂತೋಷಪಡಬೇಕು. ಕೊನೆಗೆ ಡಾಕ್ಟರು ನಿಯಮ ಮಾಡಿದರು: ಗೋಡೆ ಸೂರಿನವರೆಗೆ ಏಳುತ್ತದೆ, ಎರಡು ಕಡೆಗೂ ಬೇರೆ ಬೇರೆ ಬಾಗಿಲು, ಯಾರ ಜೋಡಿ ಯಾರು ಎಂದು ಯಾರಿಗೂ ಹೇಳುವುದಿಲ್ಲ.

ದಾಕ್ಷಾಯಿಣಿಗೆ ಮೊದಲು ಸಿಕ್ಕ ಜೋಡಿ ಯಾರೋ, ಅವರ ಬಿಸಿ ಹಿಟ್ಟಿನ ಗಿರಣಿಯ ಹಾಗೆ ಒಂದೇ ಸಮನೆ ಬರುತ್ತಿತ್ತು. ಅಷ್ಟಾದರೂ ಸಿಕ್ಕಿತಲ್ಲ ಎಂದು ಅವಳು ಕಣ್ಣು ಮುಚ್ಚಿ ಕೂರುತ್ತಿದ್ದಳು. ಒಮ್ಮೊಮ್ಮೆ ಬಿ.ಪಿ. ಜಾರುತ್ತಿತ್ತು, ಟೆಕ್ನಿಷಿಯನ್ ರುಬೀನಾ ಓಡಿ ಬಂದು ಕುರ್ಚಿಯನ್ನು ಹಿಂದಕ್ಕೆ ಮಲಗಿಸುತ್ತಿದ್ದಳು.

ದಸರಾ ಕಳೆದ ಮೇಲೆ ಒಂದು ಮಂಗಳವಾರ ಅದು ಬದಲಾಯಿತು. ತನ್ನ ಸರದಿ ತುಳಿದು ಮುಗಿಸಿ ಅವಳು ಕಾಲು ಇಳಿಬಿಟ್ಟು ಕೂತಿದ್ದಳು. ಸೂಜಿ ಚುಚ್ಚಿದ ಎಡಗೈಯಿಂದ ಬಿಸಿ ಮೆಲ್ಲಗೆ ಏರಿ ಭುಜಕ್ಕೆ ಬಂತು, ಇಳಿಯಿತು. ಮತ್ತೆ ಮೆಲ್ಲಗೆ ಬಂತು, ಇಳಿಯಿತು. ಮತ್ತೊಮ್ಮೆ. ಆಮೇಲೆ ಇದ್ದಕ್ಕಿದ್ದ ಹಾಗೆ ಭರ್ರನೆ ನುಗ್ಗಿ ಎದೆಯವರೆಗೂ ಹರಡಿತು. ನಂತರ ಏನೂ ಇಲ್ಲ. ಒಂದು ಗಳಿಗೆ ಎಲ್ಲವೂ ನಿಂತುಹೋಯಿತು.

ದಾಕ್ಷಾಯಿಣಿ ಕಣ್ಣು ಬಿಟ್ಟಳು. ಮೂರು ನಿಧಾನ, ಒಂದು ನೆಗೆತ, ಆಮೇಲೆ ನಿಂತು ನೋಡುವುದು. ಲೋಕದಲ್ಲಿ ಹಾಗೆ ಓಡುವವಳು ಒಬ್ಬಳೇ.

"ರುಬೀನಾ," ಎಂದು ಕರೆದಳು. "ಆ ಕಡೆ ಹೊಸಬರು ಬಂದಿದಾರಾ?"

ರುಬೀನಾ ಗಾಜಿನ ಕೋಣೆಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಡಾಕ್ಟರು ಪರದೆಗಳ ಮುಂದೆ ಕೂತಿದ್ದರು. "ಹೇಳೋ ಹಾಗಿಲ್ಲ ಅಲ್ವಾ ಮೇಡಂ. ಯಾಕೆ, ಏನಾದ್ರೂ ತೊಂದರೆ ಆಗ್ತಿದ್ಯಾ?"

"ಇಲ್ಲ ಕಣಮ್ಮ. ತೊಂದರೆ ಏನಿಲ್ಲ."

ಮನೆಗೆ ಬಂದವಳೇ ಮಫ್ಲರ್ ಬಿಚ್ಚಿ ಕುರ್ಚಿಯ ಮೇಲೆ ಎಸೆದಳು. ಪಂಚಾಕ್ಷರಿ ಅವಳ ಪಾಲಿನ ಅರ್ಧ ಲೋಟ ಮಜ್ಜಿಗೆ ತಂದವನು ಅಲ್ಲೇ ನಿಂತ.

"ರೀ, ರಂಗಿ ಬಂದಿದಾಳೆ. ಗೋಡೆ ಆಚೆ ಕೂತಿದಾಳೆ."

"ಯಾವ ರಂಗಿ? ಆ ಪಾವಗಡದ ಜಿಂಕೆನಾ? ಅವಳಿಗೂ ಕಿಡ್ನಿ ಹೋಯ್ತಾ ಪಾಪ?"

ಅವಳು ವಿವರಿಸಿ ಹೇಳಿದಳು. ಅವನು ಮಜ್ಜಿಗೆ ಲೋಟ ಹಿಡಿದುಕೊಂಡೇ ಕೇಳಿದ. "ಬಿಸಿ ನೋಡಿ ಮನುಷ್ಯರನ್ನ ಗುರುತು ಹಿಡಿಯೋದು ಇದೇ ಮೊದಲು ಕೇಳಿದ್ದು ಕಣೇ. ನನ್ನ ಕೈ ಹಿಡ್ಕೊಂಡ್ರೆ ಐಸು ಅಂತೀಯ. ಅವಳು ಗೋಡೆ ಆಚೆಯಿಂದ ಬೆಚ್ಚಗೆ ಮಾಡಿದ್ಲಾ?"

"ಹೊಟ್ಟೆಕಿಚ್ಚಾ?"

"ಸ್ವಲ್ಪ," ಎಂದು ಅವನು ಒಪ್ಪಿಕೊಂಡ.

ಮುಂದಿನ ಸಲ ಅವಳು ತನ್ನ ಸರದಿಯ ಕೊನೆಯಲ್ಲಿ ಬೇಕೆಂದೇ ಎರಡು ಸಲ ಚುರುಕಾಗಿ ತುಳಿದು ನಿಲ್ಲಿಸಿದಳು. ಹಾಸ್ಟೆಲಿನಲ್ಲಿ ರಂಗಿಯ ಬಾಗಿಲನ್ನು ಹಾಗೆಯೇ ತಟ್ಟುತ್ತಿದ್ದದ್ದು. ಆ ದಿನ ಉತ್ತರ ಬರಲಿಲ್ಲ. ಅದರ ಮುಂದಿನ ಸಲ ಆಚೆಯಿಂದ ಮೂರು ನಿಧಾನ, ಒಂದು ನೆಗೆತ, ನಿಲುಗಡೆ, ಎಲ್ಲ ಆದ ಮೇಲೆ ಕಟ್ಟಕಡೆಗೆ ಎರಡು ಪುಟ್ಟ ಅಲೆಗಳು ಬಂದವು. ದಾಕ್ಷಾಯಿಣಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ರುಬೀನಾ ಓಡಿ ಬಂದು ಬಿ.ಪಿ. ನೋಡಿದರೆ ಅದು ಬಂಡೆಯ ಹಾಗೆ ನಿಂತಿತ್ತು.

ಆಮೇಲೆ ಅವಳ ವಾರಕ್ಕೆ ಬೇರೆಯೇ ರುಚಿ ಬಂತು. ಡಯಾಲಿಸಿಸ್ ದಿನದ ಬೆಳಿಗ್ಗೆ ಏಳಲೇ ಒಲ್ಲೆನೆನ್ನುತ್ತಿದ್ದವಳು ಈಗ ಗುನುಗಿಕೊಂಡು ತಲೆ ಬಾಚುತ್ತಿದ್ದಳು. ಊಟ ಸೇರಿತು. ರಕ್ತದ ವರದಿ ಚೆನ್ನಾಗಿ ಬಂತು. ಕುರ್ಚಿಯಲ್ಲಿ ಕೂತು ಗೋಡೆಗೆ ಬೆನ್ನು ಕೊಟ್ಟರೆ, ಇಟ್ಟಿಗೆಯೊಂದರಷ್ಟು ಆಚೆಗೆ ಆ ಬೆನ್ನು ಇದೆ ಎಂದು ಅವಳಿಗೆ ಅನಿಸುತ್ತಿತ್ತು. ಖೋ-ಖೋದಲ್ಲಿ ಕೂತವಳ ಬೆನ್ನನ್ನು ಅಂಗೈಯಿಂದ ಮುಟ್ಟಿ, ಆಮೇಲೆ ಖೋ ಎನ್ನಬೇಕು. ಮುಟ್ಟದೆ ಕೂಗಿದರೆ ಫೌಲ್. ಒಂದೇ ಒಂದು ಸಲ ಆ ಬೆನ್ನು ಮುಟ್ಟಬೇಕು ಎಂಬ ಆಸೆ ಅವಳಲ್ಲಿ ದಿನದಿನಕ್ಕೆ ಬೆಳೆಯಿತು. ಈ ವಯಸ್ಸಿನಲ್ಲಿ, ಈ ಕಾಯಿಲೆಯಲ್ಲಿ, ಹೀಗೂ ಒಂದು ಆಸೆ ಹುಟ್ಟುತ್ತದೆಯೇ ಎಂದು ನಾಚಿಕೆಯೂ ಆಯಿತು, ಸುಖವೂ ಆಯಿತು.

"ನಿಮ್ಮ ಲೈಬ್ರರಿ ಸ್ನೇಹಿತರು ಬಳ್ಳಾರಿಲಿ ಇದಾರಲ್ಲ, ಅವಳು ಯಾವಾಗ ಈ ಊರಿಗೆ ಬಂದ್ಲು ಅಂತ ವಿಚಾರಿಸಿ," ಎಂದು ಅವಳು ಗಂಡನ ಬೆನ್ನು ಹತ್ತಿದಳು. ಅವನು ಫೋನು ಹಿಡಿದು ಟೆರೇಸಿಗೆ ಹೋದವನು ಬಹಳ ಹೊತ್ತಿನ ಮೇಲೆ ಇಳಿದು ಬಂದ.

"ಗೊತ್ತಾಗ್ಲಿಲ್ಲ ಕಣೇ," ಎಂದ. ಹೋಗಿ ಹಾಲಿನ ಫ್ಯಾನ್ ಆರಿಸಿ ಸೋಫಾದ ಮೇಲೆ ಕೂತ. ಕೇಳದೆಯೇ ತಾನಾಗಿ ಫ್ಯಾನ್ ಆರಿಸಿದ ಗಂಡನನ್ನು ಅವಳು ಆವತ್ತು ಸರಿಯಾಗಿ ನೋಡಲಿಲ್ಲ.

ವಾರ್ಡಿನ ಇನ್ನೊಂದು ಬದಿಯಲ್ಲಿ ಹಳೆಯ ಒಂಟಿ ಯಂತ್ರಗಳಿದ್ದವು. ಅಲ್ಲಿ ಸಣ್ಣೀರಮ್ಮ ಎಂಬ ಟೈಲರ್ ಹೆಂಗಸು ಎರಡು ರಗ್ಗು ಹೊದ್ದು ನಡುಗುತ್ತಾ ಮಲಗಿರುತ್ತಿದ್ದಳು. ಇವಳ ಸ್ಕೂಲಿನ ಯೂನಿಫಾರಂಗಳನ್ನು ಒಂದು ಕಾಲದಲ್ಲಿ ಹೊಲಿದವಳು. "ನಮ್ಗೂ ಆ ಜೋಡಿ ಕುರ್ಚಿ ಯಾವಾಗ ಸಿಕ್ತದೋ ಮೇಡಮ್ಮ. ಜಾಗ ಇಲ್ವಂತೆ. ಕೈ ಹಿಂಗೆ ನಡುಗಿದ್ರೆ ಸೂಜಿಗೆ ದಾರ ಪೋಣ್ಸೋದು ಹೆಂಗೆ?" ಎಂದು ಸಿಕ್ಕಾಗಲೆಲ್ಲ ಕೇಳುತ್ತಿದ್ದಳು. ದಾಕ್ಷಾಯಿಣಿ ಅಯ್ಯೋ ಪಾಪ ಎಂದುಕೊಂಡು ತನ್ನ ಬಾಗಿಲ ಕಡೆ ಬಿರಬಿರನೆ ನಡೆಯುತ್ತಿದ್ದಳು.

ಹುಣಸೇಮರಗಳಲ್ಲಿ ಕಾಯಿ ತೂಗುವ ಕಾಲ ಬಂತು. ರಂಗಿಗೆ ಹಸಿ ಹುಣಸೇಕಾಯಿ ಎಂದರೆ ಪ್ರಾಣ. ಉಪ್ಪು ಹಚ್ಚಿಕೊಂಡು ಕಣ್ಣು ಕಿವುಚಿ ತಿನ್ನುತ್ತಿದ್ದಳು. ಈಗ ಡಯಾಲಿಸಿಸ್‌ನವರಿಗೆ ಹುಣಸೆಯೂ ವಿಷ, ಉಪ್ಪೂ ವಿಷ. ತಿನ್ನದಿದ್ದರೆ ಬೇಡ, ಮೂಸಿ ನೋಡಲಿ ಎಂದು ದಾಕ್ಷಾಯಿಣಿ ಹಸಿರು ಕಾಯೊಂದನ್ನು ಪರ್ಸಿನಲ್ಲಿಟ್ಟುಕೊಂಡು ಬೇಗನೆ ಆಸ್ಪತ್ರೆಗೆ ಹೋದಳು. ಇನ್ನೂ ಕಸ ಗುಡಿಸುತ್ತಿದ್ದರು. ತನ್ನ ಬಾಗಿಲನ್ನು ದಾಟಿ, ಕಾರಿಡಾರ್ ಸುತ್ತಿ, ನಿಯಮವನ್ನೆಲ್ಲ ಗಾಳಿಗೆ ತೂರಿ ಆಚೆಯ ಬಾಗಿಲನ್ನು ನೂಕಿದಳು.

ಕುರ್ಚಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿತ್ತು. ಅದರ ಮೇಲೆ ತೆಳ್ಳಗೆ ಧೂಳು ಕೂತಿತ್ತು. ಪೆಡಲ್‌ಗಳನ್ನು ಹಗ್ಗದಿಂದ ಕಟ್ಟಿ ಮೂಲೆಗೆ ಸರಿಸಿದ್ದರು. ಗೋಡೆಯಿಂದ ಬಂದ ಎರಡು ಕೊಳವೆಗಳು ಮನುಷ್ಯರ ಕಡೆಗೆ ಹೋಗದೆ ಸ್ಟೀಲಿನ ಒಂದು ಮುಚ್ಚಿದ ಡ್ರಮ್ಮಿಗೆ ಹೋಗಿದ್ದವು. ಇಂದು ಬರಲಿಲ್ಲವೇನೋ ಎಂದುಕೊಳ್ಳಲು ಅವಳು ಒಂದು ಗಳಿಗೆ ಪ್ರಯತ್ನಿಸಿದಳು. ಆದರೆ ಆ ಧೂಳು ಒಂದು ದಿನದ್ದಲ್ಲ.

ಹಿಂದಿನಿಂದ ರುಬೀನಾ ಬಂದಳು. ಗದರಬೇಕಾಗಿತ್ತು, ಗದರಲಿಲ್ಲ. "ಬನ್ನಿ ಮೇಡಂ," ಎಂದು ಕೈ ಹಿಡಿದು ಗಾಜಿನ ಕೋಣೆಗೆ ಕರೆದುಕೊಂಡು ಹೋದಳು.

ಡಾಕ್ಟರ್ ನಿರುಪಮಾ ಪರದೆಯ ಮೇಲೆ ಗೆರೆಗಳನ್ನು ತೋರಿಸಿದರು. ಆಚೆ ಕೂರುತ್ತಿದ್ದವರು ಒಬ್ಬ ರಿಟೈರ್ಡ್ ಮೇಷ್ಟ್ರು. ದಸರಾ ಹೊತ್ತಿಗೆ ಅವರಿಗೆ ಕಿಡ್ನಿ ಸಿಕ್ಕಿ ಆಪರೇಷನ್ ಆಯಿತು, ಮನೆಗೆ ಹೋದರು. ಹೊಸಬರನ್ನು ಕೂರಿಸುವವರೆಗೆ ಇರಲಿ ಎಂದು ಆ ಡ್ರಮ್ಮು ಜೋಡಿಸಿದ್ದರು. ಅವಳು ತುಳಿದಾಗ ಬಂದ ಕಾವನ್ನು ಅದು ಕೂಡಿಟ್ಟುಕೊಂಡು, ಅವಳ ಸರದಿ ಮುಗಿದ ಮೇಲೆ ಅವಳಿಗೇ ತಿರುಗಿ ಕೊಡುತ್ತಿತ್ತು.

"ಒಂದೇ ಸಮ ಬಿಸಿ ಕೊಟ್ರೆ ನಿಮ್ಮ ಬಿ.ಪಿ. ನಿಲ್ತಿರಲಿಲ್ಲ," ಎಂದರು ಡಾಕ್ಟರು. "ಯಂತ್ರ ಒಂದೊಂದೇ ಥರ ಪ್ರಯತ್ನ ಮಾಡ್ತಾ ಹೋಯ್ತು. ಕೊನೆಗೆ ನೀವು ಹಿಂದಿನ ಸಲ ತುಳಿದ ಲಯವನ್ನೇ ತಗೊಂಡು ವಾಪಸ್ ಕೊಡ್ತು. ತಕ್ಷಣ ಬಿ.ಪಿ. ನಿಂತಿತು, ಅದಕ್ಕೇ ಅಲ್ಲಿ ಬೇರೆಯವರನ್ನ ಕೂರಿಸಲಿಲ್ಲ. ನೋಡಿ, ಈ ಗೆರೆ ನಿಮ್ಮ ಕಾಲು. ಇದು ನಿಮಗೆ ಬಂದ ಬಿಸಿ."

ಎರಡು ಗೆರೆಗಳೂ ಒಂದೇ ಆಗಿದ್ದವು. ಮೂರು ಸಣ್ಣ ದಿಬ್ಬ, ಒಂದು ದೊಡ್ಡ ದಿಬ್ಬ, ಆಮೇಲೆ ಸಮನೆಲ.

"ನಾನು ಹೀಗೆ ತುಳೀತೀನಾ?" ಎಂದಳು ದಾಕ್ಷಾಯಿಣಿ.

"ಮೊದಲ ದಿನದಿಂದ್ಲೂ ಹೀಗೇ ಮೇಡಂ," ಎಂದಳು ರುಬೀನಾ. "ಯಾಕೆ ಅಂತ ನಾನೂ ಯೋಚ್ನೆ ಮಾಡ್ತಿದ್ದೆ."

ಅವಳಿಗೆ ಗೊತ್ತಾಯಿತು. ಅಟ್ಟಿಸಿಕೊಂಡು ಹೋಗುವವಳು ಮುಂದಿನವಳು ಓಡಿದಂತೆಯೇ ಓಡಬೇಕು. ಅವಳು ನಿಧಾನಿಸಿದರೆ ನಿಧಾನ, ನೆಗೆದರೆ ನೆಗೆತ, ನಿಂತರೆ ನಿಲ್ಲಬೇಕು. ಅಷ್ಟು ಸಂಜೆಗಳು ರಂಗಿಯ ಹಿಂದೆ ಓಡಿ ಓಡಿ ಆ ಓಟ ಇವಳ ಕಾಲಿಗೆ ಇಳಿದುಬಿಟ್ಟಿತ್ತು, ಇವಳಿಗೇ ತಿಳಿಯದ ಹಾಗೆ. ಬಾಗಿಲು ತಟ್ಟಿದವಳೂ ತಾನೇ, ಒಳಗಿನಿಂದ ಓ ಎಂದವಳೂ ತಾನೇ. ಅವಳು ನಗಲು ಹೋಗಿ ಬಿಕ್ಕಿದಳು. ಪರ್ಸಿನಲ್ಲಿ ಹುಣಸೇಕಾಯಿ ಇತ್ತು.

"ಹೇಳದೆ ಇದ್ದಿದ್ದು ನನ್ನದೇ ತಪ್ಪು," ಎಂದರು ಡಾಕ್ಟರು. "ಬೇಕು ಅಂದ್ರೆ ಆ ಕುರ್ಚಿ ಖಾಲಿಯೇ ಇರಲಿ. ಹೊಸಬರನ್ನ ಕೂರಿಸಿದ್ರೆ ಅವರ ಬಿಸಿ ನಿಮಗೆ ಹೊಂದದೇ ಹೋಗಬಹುದು, ಮತ್ತೆ ಬಿ.ಪಿ. ಬೀಳಬಹುದು. ನೀವು ಯೋಚ್ನೆ ಮಾಡಿ ಹೇಳಿ. ನಾನಾಗಿ ಕೂರಿಸಲ್ಲ."

ಆವತ್ತೂ ಅವಳು ಅದೇ ಕುರ್ಚಿಯಲ್ಲಿ ಕೂತಳು. ಮೂರು ನಿಧಾನ, ಒಂದು ನೆಗೆತ. ಮನಸ್ಸಿಗೆ ಗೊತ್ತಿದ್ದದ್ದು ಮೈಗೆ ಗೊತ್ತಿರಲಿಲ್ಲ. ಬಿಸಿ ಎಂದಿನಂತೆ ಎದೆಗೆ ಬಂತು, ಎದೆ ಎಂದಿನಂತೆ ರಂಗಿ ಎಂದಿತು.

ಮನೆಯಲ್ಲಿ ಎಲ್ಲ ಕೇಳಿದ ಪಂಚಾಕ್ಷರಿ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

"ನಿಮಗೆ ಮುಂಚೇನೇ ಗೊತ್ತಿತ್ತಾ?" ಎಂದಳು ಅವಳು.

"ಡ್ರಮ್ಮಿನ ವಿಷಯ ಗೊತ್ತಿರಲಿಲ್ಲ. ಅವಳ ವಿಷಯ ಗೊತ್ತಿತ್ತು." ಅವನ ದನಿ ಕುಗ್ಗಿತು. "ರಂಗನಾಯಕಿ ಇಲ್ವಂತೆ ದಾಕ್ಷಿ. ಹೋಗಿ ಕೆಲವು ವರ್ಷ ಆಯ್ತಂತೆ. ಬಳ್ಳಾರಿಲೇ. ಹಾರ್ಟ್ ಅಂತೆ. ಕೊನೇವರೆಗೂ ಪೊಲೀಸ್ ಲೈನಿನ ಮಕ್ಕಳಿಗೆ ಖೋ-ಖೋ ಹೇಳಿಕೊಡ್ತಿದ್ಲಂತೆ."

ದಾಕ್ಷಾಯಿಣಿ ಪರ್ಸನ್ನು ಮಡಿಲಿಗೆ ಎಳೆದುಕೊಂಡಳು.

"ಹೇಳ್ಬೇಕಿತ್ತು," ಎಂದಳು.

"ಹೇಳ್ಬೇಕಿತ್ತು. ಬೆಳಿಗ್ಗೆ ಎದ್ದು ಗುನುಗ್ತಿದ್ದೆ ನೀನು. ಎಷ್ಟು ವರ್ಷ ಆಗಿತ್ತು ನಾನದನ್ನ ಕೇಳಿ. ಅದನ್ನ ಹೆಂಗೆ ಕಿತ್ಕೊಳ್ಳಲಿ ಹೇಳು?"

ಅವಳು ಅವನಿಗೆ ಬೈಯಲಿಲ್ಲ. ಹುಣಸೇಕಾಯಿ ಹೊರತೆಗೆದು, ಉಗುರಿನಿಂದ ಸಿಪ್ಪೆ ಗೀರಿ, ಮೂಸಿ, ಅವನ ಕೈಗೆ ಕೊಟ್ಟಳು. ಅವನು ಕಚ್ಚಿ ಕಣ್ಣು ಕಿವುಚಿದ. ಆ ಮುಖ ನೋಡಿದ್ದೇ ಅವಳಿಗೆ ಅಳು ಒತ್ತರಿಸಿ ಬಂತು. ಅವನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತ. ಕೈ ತಣ್ಣಗೇ ಇತ್ತು, ಆದರೂ ಅವಳು ಸರಿಯಲಿಲ್ಲ.

ಕೆಲವು ದಿನ ಅವಳು ಏನೂ ತೀರ್ಮಾನಿಸಲಿಲ್ಲ. ಆ ಬಿಸಿಯನ್ನು ಬಿಡುವುದು ಎಂದರೆ ರಂಗಿಯನ್ನು ಇನ್ನೊಮ್ಮೆ ಬಸ್ಸು ಹತ್ತಿಸಿ ಕಳಿಸಿದಂತೆ ಅನಿಸುತ್ತಿತ್ತು. ಈ ಸಲ ಮುಂದಿನ ರಜೆ ಎಂಬ ಸುಳ್ಳೂ ಇರಲಿಲ್ಲ. ಆದರೆ ತನ್ನ ಬಾಗಿಲಿಗೆ ಹೋಗುವಾಗ ಎರಡು ರಗ್ಗಿನಡಿಯಲ್ಲಿ ನಡುಗುವ ಸಣ್ಣೀರಮ್ಮ ಕಾಣುತ್ತಿದ್ದಳು, ಬರುವಾಗಲೂ ಕಾಣುತ್ತಿದ್ದಳು. ಮೈದಾನದಲ್ಲಿ ಒಬ್ಬಳೇ ಓಡುತ್ತಾ, ಕೂತವಳಿಗೆ ಖೋ ಕೊಡದೆ ಸತಾಯಿಸುವ ಹುಡುಗಿಯರಿಗೆ ದಾಕ್ಷಾಯಿಣಿ ಸೀಟಿ ಊದಿ ಊದಿ ಬೈದವಳು. ಒಂದು ದಿನ ಅವಳು ಗಾಜಿನ ಕೋಣೆಯ ಬಾಗಿಲು ತಟ್ಟಿ, "ಆ ಡ್ರಮ್ಮು ತೆಗೆಸಿ. ಸಣ್ಣೀರಮ್ಮನ್ನ ಕೂರಿಸಿ," ಎಂದಳು. ಹೇಳಿದ ತಕ್ಷಣ ಹೇಳಬಾರದಿತ್ತು ಅನಿಸಿತು.

ಅನಿಸಿದ್ದು ಸುಳ್ಳಾಗಲಿಲ್ಲ. ಸಣ್ಣೀರಮ್ಮ ಹಳೆಯ ಹೊಲಿಗೆ ಮೆಷಿನ್ ತುಳಿದ ಕಾಲಿನವಳು. ಅವಳ ಬಿಸಿ ಗರಗರ ಎಂದು ಒಂದೇ ಸಮ ಬಂತು, ಉದ್ದದ ಲಂಗದ ಅಂಚು ಹೊಲಿದ ಹಾಗೆ. ಮೊದಲ ದಿನವೇ ದಾಕ್ಷಾಯಿಣಿಯ ಬಿ.ಪಿ. ಜಾರಿ, ಸೂರು ಗಿರ್ರನೆ ತಿರುಗಿ, ರುಬೀನಾ ಕುರ್ಚಿ ಮಲಗಿಸಿ ಕಾಲು ಮೇಲೆತ್ತಿ ಹಿಡಿಯಬೇಕಾಯಿತು. ಮಫ್ಲರ್ ಮತ್ತೆ ಕಿವಿಗೆ ಬಂತು. ಪಂಚಾಕ್ಷರಿ ಡಾಕ್ಟರ ಬಳಿ ಹೋಗಿ, "ಅದನ್ನೇ ಮತ್ತೆ ಜೋಡಿಸಿ ಡಾಕ್ಟ್ರೇ," ಎಂದು ಅಂಗಲಾಚಿದ.

"ಬೇಡ," ಎಂದಳು ಅವಳು ಮಲಗಿದ್ದಲ್ಲಿಂದಲೇ. "ಹೊಸ ಆಟಗಾರ್ತಿ. ಕಲಿಯೋಕೆ ಟೈಮ್ ಕೊಡಿ."

ತನ್ನ ಸರದಿಯಲ್ಲಿ ಮಾತ್ರ ಅವಳು ಈಗ ತಿಳಿದೂ ತಿಳಿದೂ ತುಳಿಯುತ್ತಿದ್ದಳು. ರಂಗಿ ಹೂ ಬಿಡಿಸಲು ಹೊರಡುತ್ತಿದ್ದಳು, ನೆಗೆಯುತ್ತಿದ್ದಳು, ನಿಂತು ಹಲ್ಲು ಬಿಡುತ್ತಿದ್ದಳು. ಆ ಅಲೆ ಗೋಡೆ ದಾಟಿ ಹೋಗುತ್ತಿತ್ತು. ಆಚೆಯಿಂದ ಗರಗರ ಬರುತ್ತಿತ್ತು. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಅವಳಿಗೆ ರಂಗಿ ಬೇಕು ಅನಿಸದ ದಿನ ಒಂದೂ ಇರಲಿಲ್ಲ. ಡ್ರಮ್ಮು ಕೊಟ್ಟ ಸುಳ್ಳು ರಂಗಿಯಾದರೂ ಸಾಕಿತ್ತು ಎಂದು ಎಷ್ಟೋ ಸಲ ಅನಿಸಿತು.

ಯುಗಾದಿ ಕಳೆದು ಊರು ಮತ್ತೆ ಕಾದ ಹೆಂಚಾಗಿತ್ತು. ಆ ದಿನ ಅವಳು ತುಳಿದು ಮುಗಿಸಿ, ಸ್ವೆಟರಿನ ಗುಂಡಿ ಹಾಕಿಕೊಂಡು, ಗರಗರಕ್ಕೆ ಸಿದ್ಧಳಾಗಿ ಕಣ್ಣು ಮುಚ್ಚಿದಳು. ಬಿಸಿ ಬಂತು, ಇಳಿಯಿತು. ಮತ್ತೆ ಬಂದು ನಡುವೆ ಎಡವಿತು. ಇನ್ನೊಂದು ಬಂತು. ಆಮೇಲೆ, ಹೊಸದಾಗಿ ನೆಗೆಯಲು ಕಲಿತವರ ಹಾಗೆ, ತುಸು ಅಂಜುತ್ತಾ, ಒಂದು ದೊಡ್ಡ ಅಲೆ ಎದೆಗೆ ಬಂತು. ನಂತರ ಎಲ್ಲ ನಿಂತಿತು.

"ರುಬೀನಾ!" ದಾಕ್ಷಾಯಿಣಿಯ ದನಿ ವಾರ್ಡಿಗೆಲ್ಲ ಕೇಳಿಸಿತು. "ಯಂತ್ರ ಏನಾದ್ರೂ ಮಾಡ್ತಿದ್ಯಾ? ನಿಜ ಹೇಳು. ಆ ಡ್ರಮ್ಮು..."

"ಡ್ರಮ್ಮು ಸ್ಟೋರ್ ರೂಮಲ್ಲಿದೆ ಮೇಡಂ." ರುಬೀನಾ ಪರದೆ ನೋಡಿ, ಇನ್ನೊಂದು ಪರದೆಯನ್ನೂ ನೋಡಿ ನಗುತ್ತಾ ಬಂದಳು. "ಆಯಮ್ಮನೇ ತುಳೀತಿರೋದು. 'ಆ ಕಡೆಯಿಂದ ಬರೋ ಬಿಸಿ ಹಿಂಗೇ ಬತ್ತದೆ, ಕೂತೂ ಕೂತೂ ಕಾಲಿಗೂ ಅದೇ ಅಭ್ಯಾಸ ಆಗೋಯ್ತು' ಅಂತಿದ್ರು. ಬಿ.ಪಿ. ಚೆನ್ನಾಗಿದೆ ನಿಮ್ದು."

ಪಾವಗಡದ ಹುಡುಗಿಯೊಬ್ಬಳು ಎಂದೋ ಒಂದು ಸಂಜೆ ಓಡಿದ ಓಟ, ಅವಳನ್ನು ಕಂಡೇ ಇರದ ಒಬ್ಬ ಟೈಲರ್ ಹೆಂಗಸಿನ ಕಾಲಿನಲ್ಲಿ ಓಡುತ್ತಿತ್ತು. ಈ ಸಲ ಅದು ತನ್ನದೇ ಬಿಸಿಯಲ್ಲ. ಗೋಡೆಯ ಆಚೆ ನಿಜವಾಗಿ ಒಂದು ಬೆನ್ನಿತ್ತು. ದಾಕ್ಷಾಯಿಣಿ ಸ್ವೆಟರಿನ ಗುಂಡಿ ಒಂದೊಂದಾಗಿ ಬಿಚ್ಚಿದಳು. ನಾಲಿಗೆ ಮೇಲ್ದುಟಿಗೆ ತಗುಲಿದಾಗ ಉಪ್ಪುಪ್ಪಾಗಿತ್ತು. ಅದು ಬೆವರೋ ಕಣ್ಣೀರೋ ಎಂದು ಅವಳು ವಿಚಾರಿಸಲು ಹೋಗಲಿಲ್ಲ.

ಆಚೆ ಮತ್ತೆ ಮೂರು ನಿಧಾನ ಹೆಜ್ಜೆ, ಒಂದು ನೆಗೆತ. ಅವಳು ಸೂಜಿಯಿಲ್ಲದ ಕೈಯನ್ನು ಹಿಂದಕ್ಕೆ ಚಾಚಿದಳು. ಮೊದಲು ಮುಟ್ಟಬೇಕು, ಆಮೇಲೆ ಕೂಗಬೇಕು. ಅಲ್ಲಿ ಎಲ್ಲವೂ ನಿಂತು, ಯಾರೋ ತಿರುಗಿ ನೋಡಿದಂತಾದ ಆ ಗಳಿಗೆಯಲ್ಲಿ, ಅಂಗೈಯನ್ನು ಗೋಡೆಗೆ ಊರಿ, "ಖೋ" ಎಂದಳು.